ಡೇನಿಯಲ್ ಕೋಶದ ಲೆಕ್ಕಕ್ಕೆ 1.07 ವೋಲ್ಟ್ ಸರಿಯೇ?

ಪ್ರಶ್ನೆ (ತುಮಕೂರು): ದ್ವಿತೀಯ ಪಿಯುಸಿ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ಸತುವಿನ ಅಯಾನು 0.1 ಮೋಲಾರ್ ಮತ್ತು ತಾಮ್ರದ ಅಯಾನು 0.01 ಮೋಲಾರ್ ಇರುವ ಡೇನಿಯಲ್ ಕೋಶದ (ಸತು ಮತ್ತು ತಾಮ್ರದ ವಿದ್ಯುದ್ವಾರಗಳಿರುವ ವಿದ್ಯುತ್ಕೋಶ) ವಿಭವವನ್ನು ಕೇಳಿದ್ದರು. ನನಗೆ 1.07 ವೋಲ್ಟ್ ಬಂದಿದೆ, ಆದರೆ ಬಿ.ಎಚ್. ರಸ್ತೆಯ ಬಸ್ ನಿಲ್ದಾಣದಲ್ಲಿ ಸಿಕ್ಕ ಗೆಳತಿಯರೆಲ್ಲ 1.13 ಎನ್ನುತ್ತಿದ್ದಾರೆ. ಎಪ್ಪತ್ತಕ್ಕೆ ಅರವತ್ತಾದರೂ ಬರಲೆಂಬ ಆಸೆಯಿರುವುದರಿಂದ ಆತಂಕವಾಗಿದೆ.

ಉತ್ತರ (ಕೋಲಾರ): ನಿಮ್ಮ ಉತ್ತರವೇ ಸರಿ. ಅಯಾನುಗಳ ಸಾರತೆಯಿಂದ ವಿಭವವನ್ನು ಲೆಕ್ಕಹಾಕುವ ನರ್ನ್‌ಸ್ಟ್ ಸಮೀಕರಣದಲ್ಲಿ ಸತುವಿನ ಸಾರತೆಯು ಅಂಶದಲ್ಲಿ, ತಾಮ್ರದ್ದು ಛೇದದಲ್ಲಿ ಬರಬೇಕು. ಆಗ ಅನುಪಾತ 10, ಅದರ ಲಾಗರಿದಮ್ 1, ಆದ್ದರಿಂದ ಕೋಶದ ಪ್ರಮಾಣಿತ ವಿಭವವಾದ 1.10ರಿಂದ 0.0295 (0.059/2) ಕಳೆದರೆ 1.0705 ವೋಲ್ಟ್ ಉಳಿಯುತ್ತದೆ. ಅನುಪಾತವನ್ನು ತಲೆಕೆಳಗು ಮಾಡಿದವರಿಗೆ ಮಾತ್ರ 1.13 ಬರುತ್ತದೆ. ತಾಮ್ರದ ಅಯಾನು ಸತುವಿನದ್ದಕ್ಕಿಂತ ಕಡಿಮೆಯಿರುವಾಗ ವಿಭವ 1.10ಕ್ಕಿಂತ ಹೆಚ್ಚುವುದು ಸಾಧ್ಯವೇ ಇಲ್ಲ.

ಉತ್ತರ (ಚಿಂತಾಮಣಿ): ಸೂತ್ರವನ್ನು ಸರಿಯಾಗಿ ಬರೆದು ಕೊನೆಯಲ್ಲಿ ಎಡವಿದ ನಿಮ್ಮ ಗೆಳತಿಯರಿಗೂ ಹಂತದ ಅಂಕಗಳು ಸಿಗಬಹುದೆಂದು ತಿಳಿಸಿ. ಅರ್ಧಾಯುಷ್ಯ (ಪದಾರ್ಥ ಅರ್ಧಕ್ಕಿಳಿಯಲು ಬೇಕಾದ ಸಮಯ) 30 ನಿಮಿಷವಿರುವ ಪ್ರಥಮ ಕ್ರಮಾಂಕದ ಕ್ರಿಯೆ ಶೇ. 75ರಷ್ಟು ಮುಗಿಯಲು ಎಷ್ಟು ಸಮಯ ಬೇಕೆಂಬ ಪ್ರಶ್ನೆಗೆ ಏನು ಬರೆದಿರಿ? ನಮ್ಮಲ್ಲಿ ಹಲವರು 45 ಎಂದಿದ್ದಾರೆ.

ಪ್ರಶ್ನೆ ಕೇಳಿದವರು: 60 ನಿಮಿಷ ಎಂದು ಬರೆದಿದ್ದೇನೆ, ಏಕೆಂದರೆ ಎರಡನೆಯ ಅರ್ಧಾಯುಷ್ಯ ಮುಗಿದಾಗಲೇ ಕಾಲುಭಾಗ ಉಳಿಯುತ್ತದೆ. ಇಬ್ಬರಿಗೂ ಧನ್ಯವಾದಗಳು.