ಸಹಾಯ ಬೇಕು: ಉಸಿರಾಟದ ಪಾಠಕ್ಕೆ ಶ್ವಾಸಕೋಶದ ಮಾದರಿ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಡಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಒಳಗೆ ಹೋಗುವುದು ಆಮ್ಲಜನಕ, ಹೊರಗೆ ಬರುವುದು ಇಂಗಾಲದ ಡೈಆಕ್ಸೈಡ್ ಎಂದಷ್ಟೇ ಮಕ್ಕಳು ಬಾಯಿಪಾಠ ಮಾಡಿಕೊಂಡಿದ್ದಾರೆ. ನಿಜವಾಗಿ, ಒಳಹೋಗುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21, ಹೊರಬರುವಾಗಲೂ ಸುಮಾರು ಶೇ. 16 ಉಳಿದಿರುತ್ತದೆ. ಇಂಗಾಲದ ಡೈಆಕ್ಸೈಡ್ ಶೇ. 0.04ರಿಂದ ಸುಮಾರು 4ಕ್ಕೆ ಏರುತ್ತದೆ. ಸಾರಜನಕವಂತೂ ಹೋದ ಹಾಗೆಯೇ ಹಿಂದಿರುಗುತ್ತದೆ. ಈ ಅದಲುಬದಲು ನಡೆಯುವುದು ಶ್ವಾಸಕೋಶದೊಳಗಿನ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಲ್ಲಿ. ಅವುಗಳ ತೆಳುಗೋಡೆ ದಾಟಿದ ಆಮ್ಲಜನಕ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಮೈಯೆಲ್ಲ ಸಂಚರಿಸುತ್ತದೆ. ಎಂಥ ಅದ್ಭುತ! ಇದನ್ನು ಹಲಗೆಯ ಮೇಲೆ ಬರೆದರೆ ಸಾಲದು, ಮಕ್ಕಳು ಕಣ್ಣಾರೆ ನೋಡಬೇಕು.

ಬಿಚ್ಚಿ ಜೋಡಿಸುವಂಥ ಶ್ವಾಸಕೋಶದ ಮಾದರಿ ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲಿ ಸಿಗುತ್ತದೆ? ಯಾವುದಾದರೂ ಶಾಲೆಯವರು ಎರವಲು ಕೊಟ್ಟರೆ ನಾನೇ ಬಂದು ಒಯ್ದು, ಜೋಪಾನವಾಗಿ ಮರಳಿಸುತ್ತೇನೆ. ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸಲು ಸುಣ್ಣದ ತಿಳಿನೀರಿಗೆ ಊದುವ ಪ್ರಯೋಗವನ್ನು ಈಗಾಗಲೇ ಮಾಡಿಸಿದ್ದೇನೆ.

ಇನ್ನೊಂದು ಮಾತು. ಕೆಲವು ಮಕ್ಕಳ ತಾಯಂದಿರು ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಆ ಘಾಟು, ಆ ದೂಳು ಎದೆಯೊಳಗೆ ಎಲ್ಲಿಯವರೆಗೆ ಇಳಿಯುತ್ತದೆ ಎಂದು ಮಕ್ಕಳು ಕೇಳಿದ್ದಾರೆ. ಹಾವೇರಿ ಕಡೆಯ ವೈದ್ಯರು ಯಾರಾದರೂ ಒಂದು ತಾಸು ಬಂದು ಅವರೊಂದಿಗೆ ಮಾತನಾಡುವಿರಾ? ಶನಿವಾರ ಬೆಳಿಗ್ಗೆ ಆದರೆ ತಾಯಂದಿರನ್ನೂ ಕರೆಸುತ್ತೇನೆ.