ಒಬ್ಬನೇ ಆಡುವ ಆಟಕ್ಕೆ ಇಂಟರ್ನೆಟ್ ಏಕೆ ಬೇಕು?

ಒಂಟಿರೈತ:
ನಿನ್ನೆ ರಾತ್ರಿ ಇಂಟರ್ನೆಟ್ ಹೋಯಿತು. ಬೇರೆ ಕೆಲಸವಂತೂ ಸಾಗದು, ಆಟವನ್ನಾದರೂ ಆಡೋಣ ಎಂದು ಕುಳಿತೆ. ಬೇಸಾಯದ ಆಟ. ನಾನೊಬ್ಬ, ನನ್ನ ಹೊಲ, ಒಂದು ನಾಯಿ, ಅಷ್ಟೇ. ತೆರೆದರೆ ‘ಸರ್ವರ್ ಸಂಪರ್ಕ ಸಿಗುತ್ತಿಲ್ಲ, ಮತ್ತೆ ಪ್ರಯತ್ನಿಸಿ’ ಎಂದು ಬಂತು. ಅದರ ಕೆಳಗಿದ್ದದ್ದು ಒಂದೇ ಗುಂಡಿ: ‘ನಿರ್ಗಮಿಸಿ’. ಪ್ರಯತ್ನಿಸಿ ಎನ್ನುವವರು ಪ್ರಯತ್ನಿಸಲು ಒಂದು ಗುಂಡಿಯನ್ನೂ ಕೊಡಬಾರದೇ?

ಆಟ ಪೂರ್ತಿಯಾಗಿ ನನ್ನ ಕಂಪ್ಯೂಟರ್‌ನಲ್ಲೇ ಇದೆ. ಕುಂಬಳಕಾಯಿ ಕೊಯ್ಲಿಗೆ ಬಂದಿತ್ತು. ನನ್ನ ಹೊಲಕ್ಕೆ ಇಳಿಯಲು ನಾನು ಯಾರ ಅಪ್ಪಣೆ ಕೇಳಬೇಕು? ದುಡ್ಡು ಕೊಟ್ಟು ಕೊಂಡಿದ್ದೇನೆ.

ಸಣ್ಣಅಕ್ಷರ:
ಕೊಂಡಿಲ್ಲ. ನಿಮಗೆ ಸಿಕ್ಕಿರುವುದು ಆಡುವ ಪರವಾನಗಿ ಮಾತ್ರ. 2024ರ ಅಕ್ಟೋಬರ್‌ನಿಂದ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಈ ಮಾತನ್ನು ಹಣ ಪಾವತಿಸುವ ಹಂತದಲ್ಲೇ ಬರೆದು ತೋರಿಸುತ್ತಿದೆ. ಅದಕ್ಕೆ ಸ್ವಲ್ಪ ಮೊದಲಷ್ಟೇ ಕ್ಯಾಲಿಫೋರ್ನಿಯಾದಲ್ಲಿ ಇದರ ಬಗ್ಗೆ ಕಾನೂನು ಆಗಿತ್ತು.

ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ನೆನಪಿದೆಯೇ? 2014ರ ಕಾರು ಓಟದ ಆಟ. ಒಬ್ಬರೇ ಆಡಬಹುದಾದ ಕಥೆ ಅದರಲ್ಲಿತ್ತು, ಆದರೆ ಸರ್ವರ್ ಇಲ್ಲದೆ ಅದೂ ಓಡುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಸರ್ವರ್ ಮುಚ್ಚಿದರು, ಡಿಸ್ಕ್ ಕೊಂಡವರ ಕೈಯಲ್ಲಿ ಬರೀ ತಟ್ಟೆ ಉಳಿಯಿತು. ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿದ್ದೇ ಆ ಸಿಟ್ಟಿನಲ್ಲಿ.

ಸಿ.ಡಿ. ಕಾಲದವನು:
ಹಳೆಯ ಕಾಲವನ್ನು ಯಾರೂ ಅಷ್ಟು ಹೊಗಳಬೇಡಿ. ಡಬ್ಬಿಯೊಳಗಿನ ಸೀರಿಯಲ್ ನಂಬರ್ ಚೀಟಿ ಕಳೆದರೆ ಆಟವೇ ಕಳೆದಂತೆ. ಚೀಟಿ ಇದ್ದರೂ ಅದರಲ್ಲಿರುವುದು ಸೊನ್ನೆಯೋ ‘ಓ’ ಅಕ್ಷರವೋ ತಿಳಿಯದೆ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ. ಈಗ ಕಂಪ್ಯೂಟರ್ ಕೆಟ್ಟರೂ ಹೊಸದರಲ್ಲಿ ಲಾಗಿನ್ ಆದರೆ ಸಾಕು, ಉಳಿಸಿದ ಆಟ ಬಿಟ್ಟಲ್ಲಿಂದಲೇ ಸಿಗುತ್ತದೆ. ಹಿಡಿಸದಿದ್ದರೆ ಸ್ಟೀಮ್‌ನಲ್ಲಿ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್. ಅಂದಿನ ಯಾವ ಅಂಗಡಿಯವನು ಒಡೆದ ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ?

ಗಂಟುಕಟ್ಟಿದವಳು:
ಒಂಟಿರೈತರೇ, ಆಟ ಕೊಂಡ ಅಂಗಡಿಯ ಆ್ಯಪ್‌ನಲ್ಲಿ ಆಫ್‌ಲೈನ್ ಆಯ್ಕೆ ಇದೆಯೇ ನೋಡಿ. ಇಂಟರ್ನೆಟ್ ಇರುವಾಗಲೇ ಒಮ್ಮೆ ಲಾಗಿನ್ ಆಗಿ ಆಟವನ್ನು ತೆರೆದು ಮುಚ್ಚಿಡಬೇಕು. ಮಳೆ ಬಂದ ಮೇಲೆ ಕೊಡೆ ಹುಡುಕಿದರೆ ಆಗದು. ನಾನಂತೂ ಒಬ್ಬಳೇ ಆಡುವ ಆಟವಾದರೆ ಮೊದಲು ಗಾಗ್ (GOG) ಎಂಬ ಆನ್‌ಲೈನ್ ಅಂಗಡಿಯಲ್ಲಿ ಹುಡುಕುತ್ತೇನೆ. ಇನ್‌ಸ್ಟಾಲ್ ಮಾಡುವ ಕಡತವನ್ನೇ ಇಳಿಸಿಕೊಂಡು ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು, ಆಮೇಲೆ ಅವರ ಸರ್ವರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದೊಡ್ಡ ಹೊಸ ಆಟಗಳು ಅಲ್ಲಿಗೆ ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ.

ಒಂಟಿರೈತ:
ನೀವು ಹೇಳಿದಂತೆಯೇ ಮಾಡಿ, ಕೇಬಲ್ ಕಿತ್ತು ನೋಡಿದೆ. ಅಂಗಡಿಯ ಆ್ಯಪ್ ಮಾತಿಲ್ಲದೆ ಒಳಗೆ ಬಿಟ್ಟಿತು. ಅದರ ಹಿಂದೆ ಆಟದ ಕಂಪನಿಯದ್ದೇ ಇನ್ನೊಂದು ಲಾಂಚರ್, ಅಂದರೆ ಆಟ ತೆರೆದುಕೊಡುವ ಆ್ಯಪ್, ಕಾದು ಕುಳಿತಿತ್ತು! ಅದಕ್ಕೆ ಇನ್ನೊಂದು ಲಾಗಿನ್ ಬೇಕು. ಒಂದೇ ಹೊಲಕ್ಕೆ ಇಬ್ಬರು ಕಾವಲುಗಾರರು.

ಹಣ ವಾಪಸ್ ಕೇಳುವ ಹಾಗೂ ಇಲ್ಲ, ಅರವತ್ತೊಂದು ಗಂಟೆ ಆಡಿಬಿಟ್ಟಿದ್ದೇನೆ. ಕೊಂಡ ಪುಟವನ್ನು ಈಗ ತೆಗೆದು ನೋಡಿದರೆ ‘ಬೇರೆ ಖಾತೆಯ ಅಗತ್ಯವಿದೆ’ ಎಂಬ ಸಾಲು ಬಲಬದಿಯಲ್ಲಿ ಮೊದಲಿನಿಂದಲೂ ಇತ್ತಂತೆ. ನಾನು ನೋಡಿದ್ದು ನಾಯಿಯ ಚಿತ್ರವನ್ನು ಮಾತ್ರ.