ಅಜ್ಜಿಯ ಬೆಣ್ಣೆ ಬಿಸ್ಕತ್ತು, ಹಾಲಿನ ಕ್ಯಾರಮೆಲ್: ಅಕ್ಕನಿಗೆ ಉತ್ತರ

ಅಕ್ಕಾ, ನಿನ್ನ ಮೆಸೇಜು ನಿನ್ನೆ ರಾತ್ರಿಯೇ ನೋಡಿದೆ. ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸುವ ವಿಷಯ ಅಲ್ಲ ಇದು, ಅದಕ್ಕೇ ಈಗ ಕೂತು ಎಲ್ಲಾ ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಎಲ್ಲರೂ ಪುರುಸೊತ್ತು ಮಾಡಿಕೊಂಡು ಕೇಳಿ.

ನೋಡದೇ ಇದ್ದವರಿಗೆ ವಿಷಯ ಇಷ್ಟು. ಅಕ್ಕ ಅಜ್ಜಿಯ ನೋಟ್‌ಬುಕ್ ಇಟ್ಟುಕೊಂಡು ಬೆಣ್ಣೆ ಬಿಸ್ಕತ್ತು ಮಾಡಿದ್ದಾಳೆ, ಹಾಲಿನ ಕ್ಯಾರಮೆಲ್ಲೂ ಮಾಡಿದ್ದಾಳೆ. ಬಿಸ್ಕತ್ತು ಹರಡಿ ಒಂದಕ್ಕೊಂದು ಅಂಟಿಕೊಂಡಿದೆ, ಅಂಚು ಕಪ್ಪು, ನಡುವೆ ಬಿಳಿಚು. ಕ್ಯಾರಮೆಲ್ ನಾಲಿಗೆ ಮೇಲೆ ಮರಳು ಮರಳು. ಭಾವ ಹೇಳಿದ್ದು, ಅಜ್ಜಿಯ ರುಚಿ ನಮ್ಮ ನೆನಪಿನಲ್ಲಿ ಮಾತ್ರ ಇರುವುದು, ಆವತ್ತೂ ಅಷ್ಟು ಚೆನ್ನಾಗಿ ಇದ್ದಿರಲಿಕ್ಕಿಲ್ಲ ಅಂತ. ಚಿಕ್ಕಮ್ಮ ಹೇಳಿದ್ದು, ಈಗಿನ ಬೆಣ್ಣೆಯೇ ಸರಿಯಿಲ್ಲ ಅಂತ. ಕೊನೆಗೆ ಅಕ್ಕ ಕೇಳಿದ್ದು, "ನೀನು ದಿನಾ ಇದೇ ಕೆಲಸ ಮಾಡುತ್ತೀಯಲ್ಲ, ಒಳ್ಳೇ ಸಾಮಾನು ಯಾವುದು ತರಲಿ ಹೇಳು."

ಅಕ್ಕಾ, ಸಾಮಾನು ಬದಲಾಯಿಸಬೇಡ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೇ. ಅಜ್ಜಿಯ ತಿಂಡಿ ವಾಪಸ್ ಬೇಕಾದರೆ ಮೊದಲು ಅದನ್ನು ಅವರು ಮಾಡಿದ ಹಾಗೇ ಮಾಡು. ಇನ್ನೂ ಚೆನ್ನಾಗಿ ಮಾಡುವುದು, ಸಕ್ಕರೆ ಕಮ್ಮಿ ಮಾಡುವುದು, ದುಬಾರಿ ಸಾಮಾನು ಹಾಕುವುದು ಎಲ್ಲಾ ಆಮೇಲೆ.

ನೀನು ಹಾಕಿದ ಪುಟದ ಫೋಟೋ ದೊಡ್ಡದು ಮಾಡಿ ನೋಡಿದೆ. ಬಿಸ್ಕತ್ತಿಗೆ ಅಜ್ಜಿ ಬರೆದಿರುವುದು ಮೂರೇ ಸಾಲು. ಸಕ್ಕರೆ 1, ಬೆಣ್ಣೆ 2, ಮೈದಾ 3. ಪಕ್ಕದಲ್ಲಿ ಕಪ್ಪು, ಲೋಟ, ಚಮಚ ಏನೂ ಇಲ್ಲ. ನೀನು ಕಪ್ಪು ಅಂದುಕೊಂಡೆ, ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ನಮ್ಮ ಕೆಲಸದಲ್ಲಿ ಇರುವವರಿಗೆ ಈ 1-2-3 ನೋಡಿದ ತಕ್ಷಣ ಗೊತ್ತಾಗುತ್ತದೆ. ಇದು ಬಿಸ್ಕತ್ತು ಹಿಟ್ಟಿನ ಹಳೇ ಲೆಕ್ಕ, ಪೂರ್ತಿ ತೂಕದ ಲೆಕ್ಕ. 100 ಗ್ರಾಂ ಸಕ್ಕರೆ, 200 ಗ್ರಾಂ ಬೆಣ್ಣೆ, 300 ಗ್ರಾಂ ಮೈದಾ. ಅಜ್ಜಿಯ ಅಡುಗೆಮನೆಯಲ್ಲಿ ಕಪಾಟಿನ ಮೇಲೆ ತಕ್ಕಡಿ ಇತ್ತಲ್ಲ, ನಾವು ಮುಟ್ಟಿದರೆ ಬೈಯುತ್ತಿದ್ದರು, ನೆನಪಿದೆಯಾ? ಅದು ಇದ್ದದ್ದೇ ಇದಕ್ಕೆ.

ಈಗ ಕಪ್ಪಿನಲ್ಲಿ ಅಳೆದರೆ ಏನಾಗುತ್ತದೆ ನೋಡು. ಒಂದು ಕಪ್ಪು ಸಕ್ಕರೆ ಸುಮಾರು 200 ಗ್ರಾಂ. ಒಂದು ಕಪ್ಪು ಬೆಣ್ಣೆ 225 ಗ್ರಾಂ ಹತ್ತಿರ. ಮೈದಾ ಹಗುರ, ಒಂದು ಕಪ್ಪಿಗೆ 125 ಗ್ರಾಂ ಅಷ್ಟೇ ಹಿಡಿಯುತ್ತದೆ. ಅಂದರೆ ನಿನ್ನ ಬೋಗುಣಿಗೆ ಬಿದ್ದಿದ್ದು 200 ಸಕ್ಕರೆ, 450 ಬೆಣ್ಣೆ, 375 ಮೈದಾ. ಹಿಟ್ಟಿಗಿಂತ ಬೆಣ್ಣೆಯೇ ಜಾಸ್ತಿ! ಅದು ಓವನ್ನಿನಲ್ಲಿ ಹರಡದೆ ಇನ್ನೇನು ಮಾಡುತ್ತದೆ? ನಿನ್ನ ಕೈಯಲ್ಲಿ ಏನೂ ತೊಂದರೆ ಇಲ್ಲ. ಒಂದು ತೂಕದ ಮಶೀನು ತೆಗೆದುಕೋ, ಗ್ರಾಂ ತೋರಿಸುವ ಸಣ್ಣದು ಸಾಕು, ಮುಕ್ಕಾಲು ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಕಲಸುವ ವಿಷಯ. ಬೆಣ್ಣೆ ಕರಗಿರಬಾರದು, ಕಲ್ಲಿನ ಹಾಗೆ ಗಟ್ಟಿಯೂ ಇರಬಾರದು. ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳು ಜಾರಬಾರದು, ಅದೇ ಹದ. ಮೈದಾ ಹಾಕಿದ ಮೇಲೆ ನಾದಬೇಡ. ನಾದಿದರೆ ಹಿಟ್ಟಿಗೆ ಜಿಗುಟು ಬರುತ್ತದೆ, ಬಿಸ್ಕತ್ತು ಬಾಯಲ್ಲಿ ಪುಡಿಯಾಗುವುದಿಲ್ಲ, ಗಟ್ಟಿಯಾಗುತ್ತದೆ. ಸುಮ್ನೆ ಒಟ್ಟು ಮಾಡಿ ಉಂಡೆ ಕಟ್ಟು, ಸಾಕು. ಒಂದು ಚಿಟಿಕೆ ಉಪ್ಪು ಹಾಕು. ನೋಟ್‌ಬುಕ್‌ನಲ್ಲಿ ಇಲ್ಲ, ಆದರೆ ಅಜ್ಜಿ ಹಾಕುತ್ತಿದ್ದರು, ನಾನೇ ನೋಡಿದ್ದೇನೆ. ಕೈಗೆ ಅಭ್ಯಾಸವಾಗಿರುವ ಕೆಲಸವನ್ನು ಯಾರೂ ಬರೆದಿಡುವುದಿಲ್ಲ.

ಇನ್ನೊಂದು ವಿಷಯವೂ ನೋಟ್‌ಬುಕ್‌ನಲ್ಲಿ ಇಲ್ಲ. ಅಜ್ಜಿ ಸಂಜೆ ಹಿಟ್ಟು ಕಲಸಿ, ಬಟ್ಟೆ ಮುಚ್ಚಿ, ತಣ್ಣಗಿರುವ ಜಾಗದಲ್ಲಿ ಇಟ್ಟು, ಬೆಳಿಗ್ಗೆ ಬೇಯಿಸುತ್ತಿದ್ದರು. ಸಂಜೆ ಬಿಡುವು ಸಿಗುತ್ತಿತ್ತು, ಅದಕ್ಕೆ ಹಾಗೆ ಮಾಡುತ್ತಿದ್ದರು ಅನ್ನಿಸುತ್ತದೆ. ಆದರೆ ಅದರಿಂದ ಬಿಸ್ಕತ್ತಿಗೆ ತುಂಬಾ ಲಾಭ ಆಗುತ್ತಿತ್ತು. ರಾತ್ರಿಯಿಡೀ ಮೈದಾ ಒದ್ದೆಯನ್ನು ಪೂರ್ತಿ ಎಳೆದುಕೊಳ್ಳುತ್ತದೆ, ಬೆಣ್ಣೆ ಮತ್ತೆ ಗಟ್ಟಿಯಾಗುತ್ತದೆ, ಹರಡುವುದು ಕಮ್ಮಿ, ಬಣ್ಣವೂ ಚೆನ್ನಾಗಿ ಬರುತ್ತದೆ. ನೀನು ಫ್ರಿಡ್ಜಿನಲ್ಲಿ ಇಡು.

ಇನ್ನು ಬೇಯಿಸುವುದು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಆ ರುಚಿ ಇದ್ದದ್ದು ಹೆಚ್ಚಾಗಿ ಇಲ್ಲೇ. ನೀನು ಇಂಟರ್ನೆಟ್ಟಿನಲ್ಲಿ ನೋಡಿ 12 ನಿಮಿಷ ಇಟ್ಟೆ ಅಂತ ಬರೆದಿದ್ದೀಯ. ನಿಮಿಷ ನೋಡಬೇಡ, ಬಣ್ಣ ನೋಡು. ಮನೆಯ ಓವನ್ ತೋರಿಸುವ ಡಿಗ್ರಿಯೇ ಬೇರೆ, ಒಳಗಿರುವ ಡಿಗ್ರಿಯೇ ಬೇರೆ, ಇಪ್ಪತ್ತು ಡಿಗ್ರಿ ಆಚೀಚೆ ಇರುವುದು ಮಾಮೂಲಿ. ಒಳಗೆ ಇಡುವ ಥರ್ಮಾಮೀಟರ್ ಸಿಗುತ್ತದೆ, ಒಂದು ತಂದಿಟ್ಟುಕೋ. ಕಪ್ಪು ತಟ್ಟೆ ಕಾವು ಜಾಸ್ತಿ ಎಳೆಯುತ್ತದೆ, ತಳ ಬೇಗ ಸೀಯುತ್ತದೆ. ಹೊಳೆಯುವ ತಟ್ಟೆಯಾದರೆ ನಿಧಾನ. 160-165 ಡಿಗ್ರಿಯಲ್ಲಿ ಇಟ್ಟು, ಬರೀ ಅಂಚಿಗೆ ಬಣ್ಣ ಬಂದಾಗ ತೆಗೆಯದೆ, ಮೇಲೆಲ್ಲ ಹೊಂಬಣ್ಣ ಬರುವ ತನಕ ಬಿಡು. ಒಂದನ್ನು ಎತ್ತಿ ತಿರುಗಿಸಿ ತಳ ನೋಡು. ತಳ ಕಂದು ತಿರುಗಿರಬೇಕು. ಅಜ್ಜಿಯ ಬಿಸ್ಕತ್ತು ಯಾವತ್ತೂ ಬಿಳಿ ಇರಲಿಲ್ಲ, ಅಲ್ವಾ?

ಆ ಬಣ್ಣವೇ ರುಚಿ. ಹಿಟ್ಟಿನಲ್ಲಿ, ಬೆಣ್ಣೆಯಲ್ಲಿ ಇರುವ ಪ್ರೋಟೀನಿನ ಅಂಶ ಸಕ್ಕರೆ ಅಂಶದ ಜೊತೆ ಬಿಸಿಗೆ ಸೇರಿ ಹೊಸ ಹೊಸ ಘಮ ಹುಟ್ಟುತ್ತದೆ. 1912ರಲ್ಲಿ ಲೂಯಿ ಕಮಿಲ್ ಮಯಾರ್ ಎಂಬ ಫ್ರೆಂಚ್ ವಿಜ್ಞಾನಿ ಇದನ್ನು ಮೊದಲು ವಿವರಿಸಿದರು, ಅವರ ಹೆಸರೇ ಅದಕ್ಕೆ ನಿಂತಿದೆ. 140 ಡಿಗ್ರಿ ದಾಟಿದ ಮೇಲೆ ಇದು ಜೋರಾಗಿ ನಡೆಯುತ್ತದೆ. ಬಿಸ್ಕತ್ತಿನ ಮೇಲ್ಮೈ ಒಣಗುವ ತನಕ ಅಷ್ಟು ಬಿಸಿ ಏರುವುದೇ ಇಲ್ಲ, ನೀರು ಇರುವ ಕಡೆ 100ರ ಹತ್ತಿರವೇ ನಿಂತಿರುತ್ತದೆ. ಅದಕ್ಕೇ ಬೇಗ ತೆಗೆದ ಬಿಸ್ಕತ್ತಿಗೆ ಬರೀ ಸಿಹಿ ಇರುತ್ತದೆ, ಘಮ ಇರುವುದಿಲ್ಲ.

ಚಿಕ್ಕಮ್ಮಾ, ನಿಮ್ಮ ಮಾತಿನಲ್ಲೂ ನಿಜ ಇದೆ. ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ 80ರಿಂದ 82 ಭಾಗ ಕೊಬ್ಬು, ಉಳಿದಿದ್ದು ಹೆಚ್ಚಾಗಿ ನೀರು. ಅದೇನೂ ಕೆಟ್ಟದ್ದಲ್ಲ. ಆದರೆ ಅಜ್ಜಿ ಕೆನೆಯನ್ನು ಹುಳಿ ಬರಿಸಿ ಕಡೆಯುತ್ತಿದ್ದರು. ಹುಳಿ ಬಂದ ಕೆನೆಯಲ್ಲಿ ಬೆಣ್ಣೆಗೇ ಸೇರಿದ ಒಂದು ಘಮ ಜಾಸ್ತಿ ಹುಟ್ಟುತ್ತದೆ, ಸಿಹಿ ಕೆನೆಯಿಂದ ತೆಗೆದ ಬೆಣ್ಣೆಯಲ್ಲಿ ಅಷ್ಟು ಇರುವುದಿಲ್ಲ. ಕೆನೆಗೆ ಒಂದು ಚಮಚ ಮೊಸರು ಹಾಕಿ ರಾತ್ರಿ ಬಿಟ್ಟು ಬೆಳಿಗ್ಗೆ ಕಡೆದರೆ ನಿಮಗೇ ಗೊತ್ತಾಗುತ್ತದೆ. ನೀರು ಮಾತ್ರ ಚೆನ್ನಾಗಿ ಹಿಂಡಿ ತೆಗೆಯಿರಿ.

ಭಾವಾ, ನಿಮ್ಮ ಮಾತು ಮಾತ್ರ ನಾನು ಒಪ್ಪುವುದಿಲ್ಲ. ವಾಸನೆ ಮತ್ತು ನೆನಪು ಮೆದುಳಿನಲ್ಲಿ ತುಂಬಾ ಹತ್ತಿರದ ನೆಂಟರು, ಮೂಗಿನಿಂದ ಹೋಗುವ ಸುದ್ದಿ ನೆನಪು ಮತ್ತು ಭಾವನೆಯ ಭಾಗಗಳಿಗೆ ನೇರವಾಗಿ ತಲುಪುತ್ತದೆ. ಅದಕ್ಕೇ ಒಂದು ಘಮ ಬಂದರೆ ಇಡೀ ಅಡುಗೆಮನೆ ಕಣ್ಣೆದುರು ಬರುತ್ತದೆ. ಆದರೆ ಅದು ಬರಬೇಕಾದರೆ ಅದೇ ಘಮ ಬೇಕು, ಅದಕ್ಕಿಂತ ಉತ್ತಮವಾದ ಬೇರೆ ಘಮ ಬಂದರೆ ಆಗುವುದಿಲ್ಲ. ವ್ಯಾನಿಲಾ ನೋಡಿ. ನಾನು ಕೆಲಸದಲ್ಲಿ ವ್ಯಾನಿಲಾ ಕೋಡು ಸೀಳಿ ಬೀಜ ಕೆರೆದು ಹಾಕುತ್ತೇನೆ, ಅದು ತುಂಬಾ ಒಳ್ಳೆಯದು, ಹತ್ತಾರು ಬಗೆಯ ವಾಸನೆ ಇರುತ್ತದೆ ಅದರಲ್ಲಿ. ಆದರೆ ಅಜ್ಜಿಯ ಕೇಕಿಗೆ ಬೀಳುತ್ತಿದ್ದದ್ದು ಸಣ್ಣ ಬಾಟಲಿಯ ಎಸೆನ್ಸು, ಅದರಲ್ಲಿ ಇರುವುದು ಮುಖ್ಯವಾಗಿ ವ್ಯಾನಿಲಿನ್ ಒಂದೇ. ಜರ್ಮನಿಯಲ್ಲಿ 1874ರಲ್ಲೇ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದರು. ನಮ್ಮ ಬಾಲ್ಯದ ಕೇಕಿನ ವಾಸನೆ ಅಂದರೆ ಅದೇ. ಮನೆಯಲ್ಲಿ ಕೇಕು ಮಾಡುವಾಗ ನಾನು ಇವತ್ತಿಗೂ ಎಸೆನ್ಸೇ ಹಾಕುತ್ತೇನೆ, ಅದರಲ್ಲಿ ನನಗೆ ಸಂಕೋಚ ಏನೂ ಇಲ್ಲ.

ಈಗ ಕ್ಯಾರಮೆಲ್. ಇದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ.

ಅಕ್ಕಾ, ನೀನು ಬರೆದಿದ್ದೀಯ, "ಜೇನು 1 ಚಮಚ ಅಂತ ಇತ್ತು, ಮನೆಯಲ್ಲಿ ಇರಲಿಲ್ಲ, ರುಚಿಗೆ ತಾನೇ ಅಂತ ಬಿಟ್ಟೆ" ಅಂತ. ಆ ಜೇನು ರುಚಿಗೆ ಅಲ್ಲ. ಸಕ್ಕರೆ ಕರಗಿಸಿ ನೀರು ಆರಿಸುತ್ತಾ ಹೋದರೆ ಅದಕ್ಕೆ ಮತ್ತೆ ಹರಳಾಗುವುದೇ ಆಸೆ. ಬಾಣಲೆಯ ಪಕ್ಕಕ್ಕೆ ಅಂಟಿದ ಒಂದು ಸಣ್ಣ ಹರಳು ಒಳಗೆ ಬಿದ್ದರೂ ಸಾಕು, ಅದನ್ನು ಹಿಡಿದುಕೊಂಡು ಉಳಿದಿದ್ದೆಲ್ಲ ಹರಳು ಕಟ್ಟುತ್ತದೆ. ಜೇನಿನಲ್ಲಿ ಇರುವುದು ಬೇರೆ ಜಾತಿಯ ಸಕ್ಕರೆಗಳು, ಗ್ಲೂಕೋಸ್ ಮತ್ತು ಫ್ರಕ್ಟೋಸ್. ಅವು ನಡುವೆ ಸೇರಿಕೊಂಡು ಹರಳು ಸಾಲುಗಟ್ಟಲು ಬಿಡುವುದಿಲ್ಲ. ನಾವು ಕೆಲಸದಲ್ಲಿ ಗ್ಲೂಕೋಸ್ ಸಿರಪ್ ಹಾಕುವುದೂ ಇದಕ್ಕೇ. ಬರೀ ಸಕ್ಕರೆ ಪಾಕಕ್ಕಾದರೆ ನಾಲ್ಕು ಹನಿ ನಿಂಬೆರಸವೂ ಅದೇ ಕೆಲಸ ಮಾಡುತ್ತದೆ, ಆದರೆ ಹಾಲು ಇರುವಾಗ ನಿಂಬೆ ಬೇಡ, ಒಡೆಯುತ್ತದೆ.

ಮಾಡುವುದು ಹೀಗೆ. ದಪ್ಪ ತಳದ ಬಾಣಲೆ ತೆಗೆದುಕೋ. ಹಾಲು, ಸಕ್ಕರೆ, ಜೇನು ಹಾಕಿ ಸಣ್ಣ ಉರಿಯಲ್ಲಿ ಸಕ್ಕರೆ ಪೂರ್ತಿ ಕರಗುವ ತನಕ ಕುದಿಸಬೇಡ. ಎರಡು ಬೆರಳ ನಡುವೆ ಉಜ್ಜಿ ನೋಡು, ತರಿ ಸಿಗಬಾರದು. ಆಮೇಲೆ ಬೆಣ್ಣೆ ಹಾಕಿ ಕುದಿಸು. ಪಕ್ಕಕ್ಕೆ ಸಿಡಿದಿದ್ದನ್ನು ನೀರಿನಲ್ಲಿ ಅದ್ದಿದ ಬ್ರಶ್ಶಿನಿಂದ ಒಳಕ್ಕೆ ತೊಳೆ. ಹಾಲು ಇರುವುದರಿಂದ ತಳ ಹಿಡಿಯುತ್ತದೆ, ಕೈಯಾಡಿಸಲೇ ಬೇಕು, ಆದರೆ ಸೌಟು ತಳದಲ್ಲೇ ನಿಧಾನವಾಗಿ ಓಡಾಡಲಿ, ಪಕ್ಕ ಕೆರೆಯಬೇಡ. ಮೊದಲು ನೊರೆ ಎತ್ತರ ಬರುತ್ತದೆ, ಗುಳ್ಳೆ ಸಣ್ಣದು, ಬೇಗ ಬೇಗ ಒಡೆಯುತ್ತದೆ. ನೀರು ಆರುತ್ತಾ ಬಂದ ಹಾಗೆ ನೊರೆ ಕೆಳಗೆ ಇಳಿಯುತ್ತದೆ, ಗುಳ್ಳೆ ದೊಡ್ಡದಾಗಿ, ಮಂದವಾಗಿ, ಸೋಮಾರಿ ಹಾಗೆ ಒಡೆಯುತ್ತದೆ. ಆಗ ಪಕ್ಕದಿಂದ ಎಲ್ಲೂ ಹೋಗಬೇಡ.

ಡಿಗ್ರಿ ಹೇಳುತ್ತೇನೆ. ಪಾಕ 112ರಿಂದ 116 ಡಿಗ್ರಿಗೆ ಬಂದಾಗ ತಣ್ಣೀರಿಗೆ ಒಂದು ಹನಿ ಬಿಟ್ಟರೆ ಮೆತ್ತನೆ ಉಂಡೆ ಆಗುತ್ತದೆ, ಆಗ ಅದರಲ್ಲಿ ಸುಮಾರು 85 ಭಾಗ ಸಕ್ಕರೆ. 150ರ ಹತ್ತಿರ ಹೋದರೆ 99 ಭಾಗ, ಆಗ ಗಾಜಿನ ಹಾಗೆ ಮುರಿಯುತ್ತದೆ. ಹಾಲಿನ ಕ್ಯಾರಮೆಲ್ಲಿಗೆ ಬೇಕಾಗಿರುವುದು 118ರಿಂದ 120. ಎರಡು ಡಿಗ್ರಿ ಕಮ್ಮಿಯಾದರೆ ಕಾಗದಕ್ಕೆ ಅಂಟುತ್ತದೆ, ಮೂರು ನಾಲ್ಕು ಜಾಸ್ತಿಯಾದರೆ ಹಲ್ಲಿಗೆ ಕಷ್ಟ. ಥರ್ಮಾಮೀಟರನ್ನು ಮೊದಲು ಕುದಿಯುವ ನೀರಿನಲ್ಲಿ ಇಟ್ಟು ನೋಡು. ಅಲ್ಲಿ 100ರ ಬದಲು 97 ತೋರಿಸಿದರೆ ಎಲ್ಲಾ ಲೆಕ್ಕದಲ್ಲೂ 3 ಕಳೆ. ಎತ್ತರದ ಜಾಗದಲ್ಲಿ ನೀರು ಕಮ್ಮಿ ಡಿಗ್ರಿಗೇ ಕುದಿಯುತ್ತದೆ, ಪ್ರತಿ 300 ಮೀಟರಿಗೆ ಸುಮಾರು 1 ಡಿಗ್ರಿ, ಆಗಲೂ ಇದೇ ಉಪಾಯ.

ಅಜ್ಜಿಗೆ ಥರ್ಮಾಮೀಟರ್ ಇರಲಿಲ್ಲ. ಒಲೆ ಪಕ್ಕದಲ್ಲಿ ತಣ್ಣೀರಿನ ಬಟ್ಟಲು ಇರುತ್ತಿತ್ತು. ಒಂದು ಹನಿ ಬಿಟ್ಟು, ಬೆರಳಲ್ಲಿ ಒಟ್ಟು ಮಾಡಿ, ನೀರಿನಿಂದ ಹೊರಗೆ ಎತ್ತಿ ಹಿಡಿಯುತ್ತಿದ್ದರು. ಉಂಡೆ ತಾನಾಗಿ ಚಪ್ಪಟೆಯಾಗಬಾರದು, ಒತ್ತಿದರೆ ಮಾತ್ರ ಬಗ್ಗಬೇಕು. ಅದು ಈ 118-120ರ ಹದವೇ. ಅಷ್ಟು ಸರಿಯಾಗಿ ಹಿಡಿಯುತ್ತಿದ್ದರಲ್ಲ ಅಂತ ನನಗೆ ಈಗಲೂ ಆಶ್ಚರ್ಯ ಆಗುತ್ತದೆ, ನಾನು ಕಲಿಯುವಾಗ ಇದಕ್ಕೇ ಎಷ್ಟು ಕಷ್ಟಪಟ್ಟಿದ್ದೇನೆ.

ಕ್ಯಾರಮೆಲ್ಲಿನ ಬಣ್ಣದ ಬಗ್ಗೆಯೂ ನೀನು ಕೇಳಿದ್ದೆ. ಬರೀ ಸಕ್ಕರೆ ಕಂದಾಗಬೇಕಾದರೆ 160-170 ಡಿಗ್ರಿ ಬೇಕು. ನಾವು 120ಕ್ಕೇ ಇಳಿಸುತ್ತೇವೆ, ಆದರೂ ಕಂದು ಬರುತ್ತದೆ. ಅದು ಹಾಲಿನಿಂದ, ಬಿಸ್ಕತ್ತಿನಲ್ಲಿ ಹೇಳಿದ ಅದೇ ಕೆಲಸ ಇಲ್ಲಿ ನಿಧಾನವಾಗಿ ನಡೆಯುತ್ತದೆ. ಅದಕ್ಕೇ ದೊಡ್ಡ ಉರಿ ಇಟ್ಟು ಬೇಗ ಮುಗಿಸಿದರೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ.

ಸುರಿಯುವಾಗ ಬಾಣಲೆ ಬಗ್ಗಿಸಿದಾಗ ಎಷ್ಟು ಬೀಳುತ್ತದೋ ಅಷ್ಟೇ ಸುರಿ. ಅಂಟಿಕೊಂಡಿದ್ದನ್ನು ಕೆರೆದು ಅದರ ಮೇಲೆ ಹಾಕಬೇಡ, ಅದರಲ್ಲಿ ಹರಳೂ ಇರುತ್ತದೆ, ಸೀದಿದ್ದೂ ಇರುತ್ತದೆ. ಅಜ್ಜಿ ಆ ಕೆರೆದಿದ್ದನ್ನು ನಮಗೆ ಚಮಚದಲ್ಲಿ ಕೊಡುತ್ತಿದ್ದರಲ್ಲ! ನಮ್ಮ ಮೇಲಿನ ಪ್ರೀತಿಗೆ ಅಂತ ನಾವು ಅಂದುಕೊಂಡಿದ್ದೆವು. ಪ್ರೀತಿಯೂ ಹೌದು, ಕೆಲಸ ಗೊತ್ತಿದ್ದೂ ಹೌದು.

ನಿನ್ನ ಮರಳು ಕ್ಯಾರಮೆಲ್ ಬಿಸಾಡಬೇಡ. ಬಾಣಲೆಗೆ ಹಾಕಿ, ಸ್ವಲ್ಪ ನೀರು, ಬಿಟ್ಟ ಜೇನು ಹಾಕಿ ಪೂರ್ತಿ ಕರಗಿಸಿ ಮತ್ತೆ 118ಕ್ಕೆ ತಾ. ಸರಿಯಾಗುತ್ತದೆ. ಮಕ್ಕಳು ಸುತ್ತ ಇದ್ದರೆ ಹುಷಾರು, ಪಾಕ ಚರ್ಮಕ್ಕೆ ಬಿದ್ದರೆ ಅಂಟಿಕೊಳ್ಳುತ್ತದೆ, ಕುದಿಯುವ ನೀರಿಗಿಂತ ಜಾಸ್ತಿ ಸುಡುತ್ತದೆ.

ಮಾವ ಕೇಕಿನ ಅಳತೆ ಕೇಳಿದ್ದರು. ಮಾವಾ, ಅದು ಸುಲಭ. ಮೊಟ್ಟೆಯನ್ನು ಚಿಪ್ಪಿನ ಸಮೇತ ತೂಗಿ, ಎಷ್ಟು ಬಂತೋ ಅಷ್ಟೇ ಬೆಣ್ಣೆ, ಅಷ್ಟೇ ಸಕ್ಕರೆ, ಅಷ್ಟೇ ಮೈದಾ. ಎಲ್ಲಾ ಫ್ರಿಡ್ಜಿನಿಂದ ಮೊದಲೇ ಹೊರಗೆ ಇಟ್ಟಿರಬೇಕು. ಬೆಣ್ಣೆ ಸಕ್ಕರೆ ಬೆಳ್ಳಗಾಗುವ ತನಕ ಕಡೆಯಿರಿ, ಮೊಟ್ಟೆ ಒಂದೊಂದೇ ಹಾಕಿ. ಉಳಿದಿದ್ದು ಫೋನಿನಲ್ಲಿ ಹೇಳುತ್ತೇನೆ.

ಅಕ್ಕಾ, ಆ ಪುಟದ ಹಿಂದುಗಡೆಯದೂ ಫೋಟೋ ಹಾಕು. ನೀನು ಹಾಕಿದ್ದರಲ್ಲಿ ಕೆಳಗೆ ಒಂದು ಸಾಲು ಅರ್ಧಕ್ಕೆ ನಿಂತಿದೆ, "ಇಳಿಸಿದ ಮೇಲೆ" ಅಂತ ಶುರುವಾಗಿ ಪುಟ ಮುಗಿದಿದೆ. ಇಳಿಸಿದ ಮೇಲೆ ಏನು ಹಾಕುತ್ತಿದ್ದರು ಅನ್ನುವುದು ನನಗೂ ಗೊತ್ತಿಲ್ಲ. ಚಿಕ್ಕಮ್ಮಾ, ನಿಮಗೇನಾದರೂ ನೆನಪಿದ್ದರೆ ಇವತ್ತೇ ಹೇಳಿ, ಭಾನುವಾರ ನಾನೂ ಮನೆಯಲ್ಲಿ ಮಾಡುವವನಿದ್ದೇನೆ.